ಬಲೆ ಇಲ್ಲದ ಗೋಲು

ಪರ್ತ್‌ನ ಮೋರ್ಲಿ ಬಡಾವಣೆಯ ಈ ಮನೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯ ಆಚೆ ಮನೆಯಿಂದ ಯಾರೋ ಅಚ್ಚ ಮೈಸೂರು ಕನ್ನಡದಲ್ಲಿ ಗದರಿದರು. "ಹೊರಗೆ. ಹೊರಗೆ ಅಂದ್ರೆ ಹೊರಗೇ ಕಣೋ. ಎಷ್ಟು ಸಲ ಹೇಳ್ಬೇಕು ನಿನಗೆ?"

ಪರ್ತ್‌ಗೆ ಬಂದು ವರ್ಷಗಳಾಗಿದ್ದರೂ ಬೇಲಿಯಾಚೆಯಿಂದ ಕನ್ನಡ ಕೇಳಿಸಿದ್ದು ಅದೇ ಮೊದಲು. ಸಂತೋಷಪಡೋಣವೆಂದರೆ ಆ ಮಾತು ಹಾಗಿತ್ತು. ಯಾರೋ ಹಿರಿಯರು ಮಗನನ್ನು ಮನೆಯಿಂದ ಆಚೆಗೆ ಅಟ್ಟುತ್ತಿದ್ದಾರೆ ಎಂದುಕೊಂಡೆ. ನನ್ನ ಗಂಡ ಗಣಿ ಕಂಪನಿಯ ಎಂಜಿನಿಯರ್. ತಿಂಗಳಲ್ಲಿ ಮುಕ್ಕಾಲು ಪಾಲು ಉತ್ತರದ ಗಣಿಯಲ್ಲೇ ಇರುತ್ತಾನೆ, ಆ ದಿನವೂ ಅಲ್ಲೇ ಇದ್ದ. ಊರ ಉಸಾಬರಿ ನಿನಗ್ಯಾಕೆ ಅನ್ನುವವರು ಮನೆಯಲ್ಲಿ ಇಲ್ಲದ್ದರಿಂದ ನೇರವಾಗಿ ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ.

ಬಾಗಿಲು ತೆಗೆದವರು ಎಂಬತ್ತು ದಾಟಿದ ಸಣಕಲು ಮುದುಕರು. ಪಂಚೆ, ಅದರ ಮೇಲೆ ಸ್ವೆಟರ್, ಮೂಗಿನ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ, ಕೈಯಲ್ಲಿ ಫೋನು. ಒಳಗೆ ಮಗನೂ ಇರಲಿಲ್ಲ, ಯಾರೂ ಇರಲಿಲ್ಲ.

"ಅಂಕಲ್, ಎಲ್ಲಾ ಸರಿ ಇದೆಯಾ? ಯಾರನ್ನೋ ಹೊರಗೆ ಕಳಿಸ್ತಿದ್ರಿ..."

ಅವರು ನನ್ನನ್ನೊಮ್ಮೆ ನೋಡಿದರು. ಕನ್ನಡ ಕೇಳಿ ಮುಖ ಅರಳಿತು. "ಯಾರನ್ನೂ ಅಲ್ಲಮ್ಮ, ಚೆಂಡನ್ನ. ಒಳಗೆ, ಒಳಗೆ ಬಾ," ಅಂದರು.

ತಕ್ಷಣ ಫೋನಿನಿಂದ ಇನ್ನೊಂದು ಮುದಿ ದನಿ ಕಿರುಚಿತು. "ಅಂದ. ಒಳಗೆ ಅಂದ. ಕೊನೆಗೂ ಒಪ್ಕೊಂಡ ನನ್ಮಗ."

"ನಿನಗಲ್ಲವೋ ಹೇಳಿದ್ದು, ಬಾಗಿಲಲ್ಲಿ ನಿಂತಿರೋ ಈ ಹುಡುಗಿಗೆ ಹೇಳಿದ್ದು," ಎಂದು ಅಂಕಲ್ ಫೋನಿಗೆ ಗದರಿ, ಕಟ್ ಮಾಡಿ, ನನ್ನನ್ನು ನೋಡಿ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಕ್ಕರು. ನಮ್ಮ ಪರಿಚಯ ಆದದ್ದು ಹೀಗೆ.

ಅವರು ಡಾಕ್ಟರು. ಈ ದೇಶ ನಮ್ಮಂಥವರಿಗೆ ಬಾಗಿಲು ತೆರೆದ ಹೊಸದರಲ್ಲೇ ಬಂದು, ಇದೇ ಮೋರ್ಲಿಯ ಕ್ಲಿನಿಕ್ಕಿನಲ್ಲಿ ತಲೆಗೂದಲು ನರೆಯುವ ತನಕ ನೆಗಡಿ ಜ್ವರ ನೋಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ, ಸೈನ್ಯಕ್ಕೆ ಯಂತ್ರ ಮಾಡಿಕೊಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಅಡಿಲೇಡಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ ಓಡುತ್ತದೆ. "ಇಂಡಿಯಾ ಬಿಟ್ರೆ ಅರ್ಧ ಗಂಟೆಗೂ ಚೌಕಾಸಿ ಮಾಡಿದೋರು ಅಡಿಲೇಡ್‌ನೋರೇ," ಎಂದು ಅಂಕಲ್ ತಮಾಷೆ ಮಾಡುತ್ತಿದ್ದರು. ಮಗಳು ಕೆಲಸ ಮುಗಿಸಿ ವಾರದ ನಡುವೆ ಫೋನ್ ಮಾಡುತ್ತಿದ್ದಳು. ಭಾನುವಾರ ಮಾತ್ರ ಆ ಫೋನು ಬ್ರಿಸ್ಬೇನಿಗೆ ಮೀಸಲು.

ಬ್ರಿಸ್ಬೇನಿನಲ್ಲಿ ಇದ್ದವರು ಸೆಂಟರ್ ಫಾರ್ವರ್ಡು. ಅವರಿಗೂ ಒಂದು ಹೆಸರಿತ್ತು, ಅವರೂ ಡಾಕ್ಟರೇ, ಅಂಕಲ್ ಕರೆಸಿಕೊಂಡಿದ್ದಕ್ಕೇ ಈ ದೇಶಕ್ಕೆ ಬಂದವರು. ಆದರೆ ಅಂಕಲ್ ಬಾಯಲ್ಲಿ ಅವರು ಯಾವತ್ತೂ "ನಮ್ಮ ಸೆಂಟರ್ ಫಾರ್ವರ್ಡು" ಮಾತ್ರ. ಆ ಕಡೆಯಿಂದ ಇವರು "ಗೋಲಿ". ಕಾಲೇಜಿನ ಫುಟ್‌ಬಾಲಿನಲ್ಲಿ ಅವರು ಮುಂದೆ ನಿಂತು ಗೋಲು ಹೊಡೆಯಬೇಕಾದವರು, ಇವರು ಗೋಲ್‌ಕೀಪರ್, ಹೀಗೆ ಬಂದ ಹೆಸರುಗಳು. ಅಷ್ಟು ವಯಸ್ಸಾದ ಮನುಷ್ಯನನ್ನು ಯಾರೋ ಗೋಲಿ ಅನ್ನುವುದು ಕೇಳಿದಾಗಲೆಲ್ಲ ನನಗೆ ನಗು ಬರುತ್ತಿತ್ತು.

ಕತೆ ಇಷ್ಟೆ. ಐವತ್ತರ ದಶಕದಲ್ಲಿ ಮೈಸೂರಿನಲ್ಲಿ ಇಬ್ಬರೂ ಮೆಡಿಕಲ್ ಓದುತ್ತಿದ್ದಾಗ ಒಂದು ವರ್ಷ ಕಾಲೇಜಿನ ಫುಟ್‌ಬಾಲ್ ಟೀಮಿನಲ್ಲಿದ್ದರು. ಆ ವರ್ಷ ಟೀಮು ಆಡಿದ ಪಂದ್ಯಗಳನ್ನೆಲ್ಲ ಸೋತಿತು. ಬರೀ ಸೋತದ್ದಲ್ಲ, ಒಂದೇ ಒಂದು ಗೋಲನ್ನೂ ಹೊಡೆಯದೆ ಸೋತಿತು. ಆಗ ಬರಿಗಾಲಲ್ಲಿ ಆಡುತ್ತಿದ್ದರಂತೆ. ಬೇರೆ ಕಾಲೇಜಿನವರು ಕಾಲಿಗೆ ಹಳೆ ಬಟ್ಟೆ ಸುತ್ತಿಕೊಂಡರೆ ಇವರು ಆಸ್ಪತ್ರೆಯ ಹೊಸ ಬ್ಯಾಂಡೇಜು. "ನೋಡೋಕೆ ನಾವೇ ಚೆನ್ನಾಗಿದ್ವಿ," ಅನ್ನುತ್ತಿದ್ದರು. "ಆಟ ಶುರು ಆಗೋಕೆ ಮುಂಚೆ ಎಲ್ಲರೂ ನಮಗೆ ಹೆದರೋರು. ಶುರು ಆದ ಮೇಲೆ ನಾವು ಹೆದರ್ತಿದ್ವಿ." ಎದುರಾಳಿಗೆ ಏಟು ಬಿದ್ದರೆ ಇವರ ಟೀಮಿನವರೇ ಓಡಿಹೋಗಿ ಕಾಲು ನೀವುವುದು, ಬಲಗಡೆ ಆಡುವವನಿಗೆ ಮರುದಿನ ಅಂಗರಚನೆಯ ಪರೀಕ್ಷೆಯಿದ್ದರೆ ಅವನು ಮೈದಾನದಲ್ಲೇ ಮೂಳೆಗಳ ಹೆಸರು ಗುನುಗುವುದು, ಇಂಥವೆಲ್ಲ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದ್ದವು.

ಇವರು ಗೋಲು ಕಾಯುವ ವಿಷಯವಂತೂ ಕೇಳಲೇಬೇಡಿ. "ಚೆಂಡು ಹತ್ತಿರ ಬಂದ ಮೇಲೇ ನನಗೆ ಅದು ಚೆಂಡು ಅಂತ ಗೊತ್ತಾಗ್ತಿತ್ತು ಕಣಮ್ಮ," ಅನ್ನುತ್ತಿದ್ದರು. ನಾನು ಅದನ್ನೂ ತಮಾಷೆ ಎಂದೇ ತಿಳಿದಿದ್ದೆ.

ಜಗಳ ಇದ್ದದ್ದು ಕೊನೆಯ ಪಂದ್ಯದ ಬಗ್ಗೆ. ಬೆಂಗಳೂರಿನ ಕಾಲೇಜೊಂದು ಆಡಲು ಬಂದಿತ್ತು. ಗೋಲ್‌ಪೋಸ್ಟಿಗೆಂದು ಎರಡು ಕಂಬ ನೆಟ್ಟು ಮೇಲೊಂದು ಅಡ್ಡ ಕಟ್ಟಿದ್ದರು, ಹಿಂದೆ ಬಲೆ ಕಟ್ಟಿರಲಿಲ್ಲ. ಬಲೆ ಟೆನಿಸ್ ಆಡುವವರ ಪಾಲಾಗಿತ್ತಂತೆ. ಸಂಜೆಯ ಹೊತ್ತು, ಧೂಳು ಕವಿದಿತ್ತು. ಸೆಂಟರ್ ಫಾರ್ವರ್ಡಿಗೆ ಎಲ್ಲಿಂದಲೋ ಚೆಂಡು ಸಿಕ್ಕಿತು, ಕಣ್ಣು ಮುಚ್ಚಿ ಒದ್ದರು. ಚೆಂಡು ಕಂಬದ ಪಕ್ಕದಲ್ಲಿ ಹಾದು ಹಿಂದಿನ ಬೇಲಿಗೆ ಹೋಗಿ ಬಿತ್ತು. ಕಂಬದ ಯಾವ ಪಕ್ಕ ಅನ್ನುವುದೇ ಪ್ರಶ್ನೆ. ಬಲೆ ಇದ್ದಿದ್ದರೆ ಬಲೆ ಹೇಳುತ್ತಿತ್ತು. ರೆಫರಿ ಹೊರಗೆ ಅಂದರು, ಆಟ ಮುಗಿಯಿತು, ಆ ವರ್ಷವೂ ಮುಗಿಯಿತು.

ಸೆಂಟರ್ ಫಾರ್ವರ್ಡಿನ ಮಾತು: ಒಳಗೆ. ಇವರ ಮಾತು: ಹೊರಗೆ. ಮೈದಾನದ ಆ ತುದಿಯಲ್ಲಿ ನಿಂತಿದ್ದ ನಿನಗೇನು ಗೊತ್ತು ಎಂದು ಅವರು, ಕಂಬ ನೋಡೋದೇ ಗೋಲಿಯ ಕೆಲಸ ಎಂದು ಇವರು. ಮದುವೆ, ಮಕ್ಕಳು, ವೀಸಾ, ಹೆಂಡಂದಿರ ಸಾವು, ಬೈಪಾಸು, ಎಲ್ಲವನ್ನೂ ದಾಟಿ ಈ ಜಗಳ ಎಂಬತ್ತರಾಚೆಗೂ ಬಂದಿತ್ತು.

ನನಗೆ ಅರ್ಥವಾಗಲೆಂದು ಅಂಕಲ್ ಊಟದ ಮೇಜಿನ ಮೇಲೆ ಮೈದಾನ ಹೂಡುತ್ತಿದ್ದರು. ಈ ತುದಿಯಲ್ಲಿ ಉಪ್ಪಿನಕಾಯಿ ಬಾಟಲಿ, ಅದು ಇವರು. ಆ ತುದಿಯಲ್ಲಿ ಎರಡು ಸ್ಟೀಲ್ ಲೋಟ, ಅವು ಕಂಬ. ಚೆಂಡು ಅಂದರೆ ಒಂದು ಕಡಲೆಕಾಯಿ ಬೀಜ. ಅದನ್ನು ಬೆರಳಲ್ಲಿ ಚಿಮ್ಮಿ ಲೋಟದ ಆಚೆ ಹೋಗುವಂತೆ ಮಾಡಿ "ನೋಡಿದ್ಯಾ? ಹೊರಗೆ" ಅನ್ನುವರು. ತಪ್ಪಿ ಒಳಗೆ ಹೋದರೆ "ಮೇಜು ಸೊಟ್ಟ ಇದೆ" ಎಂದು ಇನ್ನೊಂದು ಬೀಜ ತೆಗೆದುಕೊಂಡು ಮೊದಲನೆಯದನ್ನು ತಿಂದುಬಿಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಗೋಡಂಬಿ ಹಾಕಿದ ಉಪ್ಪಿಟ್ಟು. ಫಿಲ್ಟರ್ ಕಾಫಿ ಇಳಿಯುವ ಹೊತ್ತಿಗೆ ಬ್ರಿಸ್ಬೇನಿನ ಫೋನು. ಗಂಡ ಊರಲ್ಲಿಲ್ಲದ ಭಾನುವಾರಗಳಲ್ಲಿ ನಾನೂ ಅಲ್ಲೇ. ಪರ್ತ್ ಸಿಟಿಯ ಆಫೀಸಿನಲ್ಲಿ ವಾರವೆಲ್ಲ ಎಷ್ಟೋ ಜನರೊಡನೆ ಮಾತಾಡುತ್ತೇನೆ, ಟ್ರೈನು ಬಸ್ಸು ಹತ್ತಿ ಮನೆಗೆ ಬಂದರೆ ಒಂದು ಮಾತೂ ನೆನಪಿರುವುದಿಲ್ಲ. ಆ ಎರಡು ಮುದಿ ದನಿಗಳ ಜಗಳ ಮಾತ್ರ ವಾರವಿಡೀ ಕಿವಿಯಲ್ಲಿರುತ್ತಿತ್ತು. ನನಗೂ ಇಲ್ಲಿ ಒಂಟಿತನವಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಒಂದು ಸಲ ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವದಲ್ಲಿ ಅಂಕಲ್‌ಗೆ ಸನ್ಮಾನ ಇಟ್ಟುಕೊಂಡರು. ನಿರೂಪಣೆ ಮಾಡುತ್ತಿದ್ದ ಹುಡುಗನಿಗೆ ಯಾರೋ 'ಹಳೇ ಫುಟ್‌ಬಾಲ್ ಆಟಗಾರರು' ಎಂದಷ್ಟೇ ಹೇಳಿದ್ದರು. ಅವನು ಮೈಕಿನಲ್ಲಿ "ಮೈಸೂರಿಗೆ ಕಪ್ ಗೆದ್ದುಕೊಟ್ಟ ವೀರರು" ಎಂದುಬಿಟ್ಟ. ಶಾಲು ಬಿತ್ತು, ಪೇಟ ಬಿತ್ತು, ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಂಕಲ್ ಪೇಟ ಸರಿಮಾಡಿಕೊಂಡು ಮೈಕು ಇಸಿದುಕೊಂಡರು. "ತುಂಬಾ ಸಂತೋಷ. ಆದ್ರೆ ನಾವು ಗೆದ್ದಿಲ್ಲಪ್ಪ. ಎಲ್ಲಾ ಮ್ಯಾಚೂ ಸೋತ್ವಿ. ಸೋತೋರಿಗೂ ಶಾಲು ಕೊಡ್ತೀರಾ ಅಂದ್ರೆ ಇಟ್ಕೋತೀನಿ, ಇಲ್ಲಾಂದ್ರೆ ವಾಪಸ್ ತಗೊಳ್ಳಿ." ಸಭೆ ಅವರು ವಿನಯಕ್ಕೆ ಹಾಗೆ ಹೇಳಿದರೆಂದು ಇನ್ನೂ ಜೋರಾಗಿ ಚಪ್ಪಾಳೆ ಹೊಡೆಯಿತು. ಕಾರಿನಲ್ಲಿ ಬರುವಾಗ ಅವರಿಗೆ ಸಿಟ್ಟೇ ಬಂದಿತ್ತು. "ಯಾರೂ ಕೇಳಿಸ್ಕೊಳ್ಳೋದೇ ಇಲ್ಲ. ಏನು ಹೇಳಿದ್ರೂ ಹೌದು ಹೌದು ಅಂತಾರೆ."

ಇಲ್ಲಿ ಫುಟ್‌ಬಾಲ್ ಅಂದರೆ ಬೇರೆ ಆಟ, ಮೊಟ್ಟೆಯಾಕಾರದ ಚೆಂಡಿನದು. ಗೋಲಿನಲ್ಲಿ ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಹೋದರೆ ಆರು ಪಾಯಿಂಟು. ತಪ್ಪಿ ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೂ ಒಂದು ಪಾಯಿಂಟು. ಅಂಕಲ್ ಈ ದೇಶಕ್ಕೆ ಬಂದ ಹೊಸದರಲ್ಲಿ ಕ್ಲಿನಿಕ್ಕಿನವರ ಜೊತೆ ಮೊದಲ ಸಲ ಅದನ್ನು ನೋಡಿದಾಗ ಕಣ್ಣಲ್ಲಿ ನೀರು ಬಂದಿತ್ತಂತೆ. "ಹೊರಗೆ ಹೋದ್ರೂ ಒಂದು ಕೊಡ್ತಾರಮ್ಮ ಇಲ್ಲಿ. ಹತ್ತಿರ ಬಂದಿದ್ಯಲ್ಲ, ತಗೋ ಅಂತ. ನಾವು ಮೈಸೂರಲ್ಲಿ ಈ ಆಟ ಆಡ್ಬೇಕಿತ್ತು." ಪರ್ತಿನಲ್ಲಿ ಯಾವ ಟೀಮಿನ ಕಡೆಯವರು ಎಂದು ಎಲ್ಲರೂ ಎಲ್ಲರನ್ನೂ ಕೇಳುತ್ತಾರೆ. ಇವರು ಆಯಾ ವರ್ಷ ಕೊನೆಯಲ್ಲಿರುವ ಟೀಮಿನ ಕಡೆ.

ಮಗಳ ಬಗ್ಗೆ ಅವರು ಹೇಳುತ್ತಿದ್ದುದು ಕಮ್ಮಿ. ಒಂದು ವಿಷಯ ಮಾತ್ರ ಒಂದೆರಡು ಸಲ ಹೇಳಿದ್ದರು. ಇಲ್ಲೇ ಮಾತು ಕಲಿತ ಆ ಮಗುವಿಗೆ ಳ ಬರುತ್ತಿರಲಿಲ್ಲ. "ನಾಲಿಗೇನ ಒಳಗೆ ಮಡಚು ಪುಟ್ಟಿ, ಒಳಗೆ ಅನ್ನು," ಎಂದು ಇವರು ಹೇಳಿಕೊಡುವುದು, ಅವಳು "ಒಲಗೆ" ಅನ್ನುವುದು. ಊರಿಗೆ ಹೋದಾಗ ನೆಂಟರೆಲ್ಲ ಸುತ್ತ ಕೂತು ಇನ್ನೊಂದ್ಸಲ ಅನ್ನು, ಇನ್ನೊಂದ್ಸಲ ಅನ್ನು ಎಂದು ಅನ್ನಿಸಿ ಬಿದ್ದು ಬಿದ್ದು ನಕ್ಕರಂತೆ. ಅವತ್ತಿನಿಂದ ಅವಳು ಕನ್ನಡ ಆಡಲಿಲ್ಲ. ಎಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ನಾನು ಕನ್ನಡದಲ್ಲಿ ಕೇಳ್ತೀನಿ, ಅವಳು ಇಂಗ್ಲಿಷಲ್ಲಿ ಹೇಳ್ತಾಳೆ. ಮಧ್ಯ ಏನೋ ಬಿದ್ದುಹೋಗುತ್ತೆ ಕಣಮ್ಮ," ಅಂದಿದ್ದರು. ಆಮೇಲೆ ಕಾಫಿ ಲೋಟ ತೊಳೆಯಲು ಎದ್ದು ಹೋದರು.

ಸೆಂಟರ್ ಫಾರ್ವರ್ಡು ಬ್ರಿಸ್ಬೇನಿನ ಆಸ್ಪತ್ರೆ ಸೇರಿದ್ದು ಒಂದು ಚಳಿಗಾಲದಲ್ಲಿ. ಎರಡು ಭಾನುವಾರ ಫೋನು ಬರಲಿಲ್ಲ. ಮೂರನೆಯದಕ್ಕೆ ಅವರ ಸೊಸೆ ವಿಡಿಯೋದಲ್ಲಿ ಕರೆದಳು. ನಾನು ಅಂಕಲ್ ಪಕ್ಕದಲ್ಲೇ ಕೂತಿದ್ದೆ. ಅಷ್ಟು ವರ್ಷ ಬರೀ ದನಿ ಕೇಳಿದ್ದ ಮನುಷ್ಯನ ಮುಖವನ್ನು ನಾನು ನೋಡಿದ್ದು ಅದೇ ಮೊದಲ ಸಲ. ದಿಂಬಿನಲ್ಲಿ ಹೂತುಹೋದ ಪುಟ್ಟ ಮುಖ, ಮೂಗಿನಲ್ಲಿ ಆಮ್ಲಜನಕದ ಕೊಳವೆ.

"ಗೋಲಿ," ಅಂದರು. "ಒಂದೇ ಒಂದ್ಸಲ ಒಳಗೆ ಅಂದ್ಬಿಡೋ. ಕೇಳ್ಕೊಂಡು ಹೋಗ್ತೀನಿ."

ಅಂಕಲ್ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಈಗ ಅಂದೇ ಅನ್ನುತ್ತಾರೆ ಎಂದು ನಾನು ಉಸಿರು ಹಿಡಿದು ಕೂತೆ.

"ಹೊರಗೆ ಕಣೋ," ಅಂದರು. "ಕಂಬದಿಂದ ಒಂದು ಗೇಣು ಹೊರಗೆ. ಬೇಕಾದ್ರೆ ಪರ್ತಿನ ಲೆಕ್ಕದಲ್ಲಿ ಒಂದು ಪಾಯಿಂಟ್ ತಗೋ."

"ನಿನ್ನ ಭಿಕ್ಷೆ ಯಾರಿಗೋ ಬೇಕು." ದಿಂಬಿನ ಮೇಲಿನ ಮುಖ ನಕ್ಕಿತು, ನಕ್ಕು ಕೆಮ್ಮಿತು. "ಬರೋ ಭಾನುವಾರ ವಿಚಾರಿಸ್ಕೋತೀನಿ ನಿನ್ನ."

"ವಿಚಾರಿಸ್ಕೋ. ಎಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಿ."

ಫೋನು ಇಟ್ಟ ಮೇಲೆ ನನಗೆ ಕೆಟ್ಟ ಕೋಪ ಬಂತು. "ಒಂದು ಮಾತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಂಕಲ್?" ಎಂದು ಕೇಳಿಯೇಬಿಟ್ಟೆ. ಅವರು ತಟ್ಟೆ ಎಳೆದುಕೊಂಡರು. ಉಪ್ಪಿಟ್ಟು ಆರಿಹೋಗಿತ್ತು, ಅದನ್ನು ಹಾಗೇ ತಿಂದರು. ಬರುವ ಭಾನುವಾರದ ಒಳಗೆ ಸೆಂಟರ್ ಫಾರ್ವರ್ಡು ತೀರಿಕೊಂಡರು.

ಬ್ರಿಸ್ಬೇನ್ ಅಂದರೆ ಈ ದೇಶದ ಇನ್ನೊಂದು ತುದಿ. ಅಂಕಲ್ ಹೃದಯದ ಡಾಕ್ಟರು ವಿಮಾನ ಬೇಡವೆಂದಿದ್ದರು. ಅಂತ್ಯಕ್ರಿಯೆಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಕ್ಯಾಮೆರಾ ಹಿಂದಿನ ಗೋಡೆಯ ಮೇಲಿತ್ತು, ಕೂತವರ ತಲೆಗಳಷ್ಟೇ ಕಾಣುತ್ತಿದ್ದವು. ಅಂಕಲ್ ಪರದೆಗೆ ಮುಖ ತಾಗುವಷ್ಟು ಬಗ್ಗಿ ಒಂದೊಂದೇ ತಲೆಯನ್ನು ನೋಡುತ್ತಿದ್ದರು. ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದೆ. "ನಮ್ಮ ಟೀಮಿನೋರು ಯಾರಾದ್ರೂ ಬಂದಿದ್ದಾರಾ ಅಂತ," ಅಂದವರು, ತಕ್ಷಣ ತಮಗೇ ನೆನಪಾಗಿ ಹಿಂದಕ್ಕೆ ಒರಗಿದರು. ಇನ್ನುಳಿದವರೆಲ್ಲ ಯಾವಾಗಲೋ ಹೋಗಿಯಾಗಿತ್ತು. ಆ ಇಡೀ ಟೀಮಿನಲ್ಲಿ ಈಗ ಇದ್ದದ್ದು ಇವರೊಬ್ಬರೇ.

ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಕೇಳಿದರು. "ಅಂದ್ಬಿಡಬೇಕಿತ್ತಾಮ್ಮ?"

ನಾನು ಲ್ಯಾಪ್‌ಟಾಪಿನ ದನಿ ತಗ್ಗಿಸಿದೆ.

"ನನಗೆ ಏನೂ ಕಂಡಿಲ್ಲ ಕಣಮ್ಮ. ಚೆಂಡು ಬಡಿದು ಕನ್ನಡಕ ಒಡೆದುಹೋದ್ರೆ ಅಂತ ತೆಗೆದಿಟ್ಟು ಆಡ್ತಿದ್ದೆ. ಆ ತುದಿ ಕಂಬ ಏನು, ಈ ತುದಿ ಕಂಬಾನೇ ಸರಿಯಾಗಿ ಕಾಣ್ತಿರ್ಲಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮತ್ತೆ ಹೊರಗೆ ಅಂತ ಯಾಕಂದಿರಿ ಎಂದೆ.

ಆ ಸಂಜೆ ಹಾಸ್ಟೆಲಿನಲ್ಲಿ ಎಲ್ಲರೂ ಸೆಂಟರ್ ಫಾರ್ವರ್ಡನ್ನು ಸಮಾಧಾನ ಮಾಡಿದರಂತೆ. ಒಳಗೇ ಹೋಯಿತು ಬಿಡೋ, ರೆಫರಿ ಮೋಸ ಮಾಡಿದ ಎಂದು ಎಲ್ಲರೂ ಬೆನ್ನು ತಟ್ಟಿದರು. ಹುಡುಗ ಯಾರ ಮಾತನ್ನೂ ನಂಬಲಿಲ್ಲ. ಮೂಲೆಯಲ್ಲಿ ಒಬ್ಬನೇ ಹೋಗಿ ಕೂತ. ಆಮೇಲೆ ಇವರ ಕೋಣೆಗೆ ಬಂದು, ಎಲ್ಲರೂ ಅಯ್ಯೋ ಪಾಪ ಅಂತ ಹೇಳ್ತಿದ್ದಾರೆ, ನೀನಾದ್ರೂ ನಿಜ ಹೇಳು ಎಂದು ಕೇಳಿದ. ಕಾಣಲಿಲ್ಲ ಎಂದು ಹೇಳಿಕೊಳ್ಳಲು ಇವರಿಗೆ ನಾಚಿಕೆ. ರೆಫರಿ ಹೇಳಿದ್ದನ್ನೇ ಹೇಳಿದರು.

"ಕೇಳಿದ್ದೇ ರೇಗಿಬಿಟ್ಟ. ಮಾರನೇ ದಿನ ಬಂದ, ಅದರ ಮಾರನೇ ದಿನ ಬಂದ, ಜಗಳ ಆಡೋಕೆ ದಿನಾ ಬರೋಕೆ ಶುರು ಮಾಡ್ದ. ಅದಕ್ಕೆ ಮುಂಚೆ ನಾವಿಬ್ಬರೂ ಸ್ನೇಹಿತರೇ ಅಲ್ಲ." ಅಂಕಲ್ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. "ಒಪ್ಕೊಂಡಿದ್ರೆ ಅವನು ಯಾಕೆ ಬರ್ತಿದ್ದ? ಮೊನ್ನೆ ಒಳಗೆ ಅಂದಿದ್ರೆ, ಮುಗೀತು ಕಣೋ ಇನ್ನು ಹೊರಡು ಅಂದ ಹಾಗೆ ಆಗ್ತಿತ್ತು. ನನ್ನ ಬಾಯಲ್ಲಿ ಅದು ಬರ್ಲಿಲ್ಲ."

ಆಮೇಲಿನ ಭಾನುವಾರಗಳು ಬಹಳ ಕಷ್ಟದವು. ಫಿಲ್ಟರ್ ಇಳಿಯುವ ಹೊತ್ತಿಗೆ ಅವರು ಅಭ್ಯಾಸಬಲದಿಂದ ಫೋನನ್ನು ಮೇಜಿನ ಮೇಲೆ ತಂದಿಟ್ಟುಕೊಳ್ಳುತ್ತಿದ್ದರು. ಅದು ಸುಮ್ಮನೆ ಬಿದ್ದಿರುತ್ತಿತ್ತು. ಅವರೂ ಸುಮ್ಮನೆ ಅದನ್ನು ನೋಡುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಲೋಟಗಳನ್ನು ತಂದು ಮೈದಾನ ಹೂಡಿದರು. ಬೀಜವನ್ನು ಚಿಮ್ಮದೆ ಬೆರಳಲ್ಲೇ ತಳ್ಳಿಕೊಂಡು ಹೋಗಿ ಎರಡು ಲೋಟಗಳ ನಡುವೆ ಇಟ್ಟರು.

"ಒಳಗೇ ಹೋಯ್ತು ಅನ್ಸುತ್ತೆ ಕಣಮ್ಮ," ಅಂದರು.

ದುಃಖದಲ್ಲಿರುವ ಹಿರಿಯರು. ನಾನೇನು ಹೇಳಲಿ? "ಹೌದು ಅಂಕಲ್, ಒಳಗೇ ಹೋಗಿರುತ್ತೆ ಬಿಡಿ," ಅಂದೆ.

ಅವರ ಮುಖದಲ್ಲಿ ಇದ್ದಬದ್ದ ಕಳೆಯೂ ಇಳಿದುಹೋಯಿತು. ಬೀಜವನ್ನು ತಿನ್ನಲೂ ಇಲ್ಲ, ಡಬ್ಬಿಗೆ ವಾಪಸು ಹಾಕಿದರು. ಲೋಟಗಳನ್ನು ಒಳಗಿಟ್ಟರು. ಬಾಗಿಲ ತನಕ ಬಂದು ನನ್ನನ್ನು ಕಳಿಸಿಕೊಡುವವರು ಅವತ್ತು ಕುರ್ಚಿಯಿಂದಲೇ ಕೈ ಎತ್ತಿದರು. ಸಂಘದ ಸಭೆಯಲ್ಲಿ ಅವರ ಮಾತಿಗೆ ಚಪ್ಪಾಳೆ ಹೊಡೆದವರಿಗೂ ನನಗೂ ಏನು ವ್ಯತ್ಯಾಸ ಎಂದು ವಾರವೆಲ್ಲ ನನ್ನನ್ನೇ ಬೈದುಕೊಂಡೆ.

ಮುಂದಿನ ಭಾನುವಾರ ನಾನೇ ಲೋಟ ತಂದಿಟ್ಟೆ. ಅವರು ಅರೆಮನಸ್ಸಿನಿಂದ ಬೀಜವನ್ನು ನಡುವೆ ಇಟ್ಟು "ಒಳಗೆ" ಅಂದರು. ನಾನು ಬೆರಳಿಂದ ಆ ಬೀಜವನ್ನು ಲೋಟದ ಆಚೆಗೆ ತಳ್ಳಿದೆ.

"ಹೊರಗೆ," ಅಂದೆ.

ಅವರು ತಲೆ ಎತ್ತಿದರು. "ಏನಂದೆ?"

"ಹೊರಗೆ ಅಂಕಲ್. ಒಂದು ಗೇಣು ಹೊರಗೆ."

"ನಿನಗೇನು ಗೊತ್ತು? ನೀನು ಅಲ್ಲಿದ್ಯಾ? ನಿಮ್ಮಪ್ಪ ಕೂಡ ಹುಟ್ಟಿರ್ಲಿಲ್ಲ ಆವಾಗ."

"ನೀವಿದ್ರಲ್ಲ, ನಿಮಗೇನು ಕಾಣಿಸ್ತು?"

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಆ ಹಳೆಯ ನಗು, ಮೊದಲ ದಿನ ಬಾಗಿಲಲ್ಲಿ ನಕ್ಕಿದ್ದರಲ್ಲ, ಅದೇ ನಗು ಬಂತು. "ಕೊಡಿಲ್ಲಿ ಆ ಲೋಟಾನ. ಅಧಿಕಪ್ರಸಂಗಿ," ಎಂದು ಮೈದಾನವನ್ನು ಹೊಸದಾಗಿ ಹೂಡಿದರು. ಅವತ್ತು ನಾವು ಮಧ್ಯಾಹ್ನದ ಊಟದ ತನಕ ಜಗಳವಾಡಿದೆವು. ಬಾಗಿಲ ತನಕ ಬಂದು "ಬರೋ ಭಾನುವಾರ ವಿಚಾರಿಸ್ಕೋತೀನಿ ನಿನ್ನ," ಅಂದರು.

ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅವರು ಒಳಗೆ, ನಾನು ಹೊರಗೆ. ಸೆಂಟರ್ ಫಾರ್ವರ್ಡಿನ ಮಾತುಗಳನ್ನೆಲ್ಲ ಈಗ ಇವರೇ ಆಡುತ್ತಿದ್ದರು, ಅವರ ಬೈಗುಳಗಳ ಸಮೇತ. ಅವರ ದುಃಖ ಹೋಯಿತೆಂದು ಹೇಳುವುದಿಲ್ಲ. ಜಗಳದ ಮಧ್ಯೆ ಕೆಲವು ಸಲ ಮಾತು ನಿಲ್ಲಿಸಿ ಫೋನಿನ ಕಡೆ ನೋಡುತ್ತಿದ್ದರು. ನಾನು ಬದಲಿ ಆಟಗಾರಳಷ್ಟೇ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆದರೂ ಉಪ್ಪಿಟ್ಟಿಗೆ ಮತ್ತೆ ಗೋಡಂಬಿ ಬೀಳತೊಡಗಿತು.

ಹೋದ ಶರತ್ಕಾಲದಲ್ಲಿ ಒಂದು ಮಧ್ಯಾಹ್ನ, ಕುರ್ಚಿಯಲ್ಲಿ ಕೂತಿದ್ದ ಹಾಗೇ ಹೋದರು. ಅಡಿಲೇಡಿನಿಂದ ಮಗಳು ಬಂದರು. ಐವತ್ತು ದಾಟಿದವರು, ತಂದೆಯದೇ ಸಣಕಲು ಮೈ, ಅದೇ ದಪ್ಪ ಕನ್ನಡಕ. ನಾನು ಅಕ್ಕ ಎಂದು ಕರೆದೆ, ಕನ್ನಡದಲ್ಲಿ ಮಾತಾಡಿದೆ. ಅವರು ಇಂಗ್ಲಿಷಿನಲ್ಲಿ ಉತ್ತರಿಸಿದರು. ಅಂಕಲ್ ಹೇಳಿದ್ದು ನಿಜ, ನಡುವೆ ಏನೋ ಬಿದ್ದುಹೋಗುತ್ತಿತ್ತು.

ಮನೆ ಖಾಲಿ ಮಾಡುವಾಗ ಏನಾದರೂ ಬೇಕಾ ಎಂದು ಕೇಳಿದರು. ಆ ಎರಡು ಸ್ಟೀಲ್ ಲೋಟ ಕೊಡಿ ಅಂದೆ. ಯಾಕೆ ಎಂದು ಕೇಳಿದ್ದಕ್ಕೆ ಎಲ್ಲವನ್ನೂ ಹೇಳಬೇಕಾಯಿತು. ಕಂಬ, ಕಡಲೆಕಾಯಿ ಬೀಜ, ತೆಗೆದಿಟ್ಟ ಕನ್ನಡಕ, ಬ್ರಿಸ್ಬೇನಿನ ಆ ಕೊನೆಯ ಫೋನು. ಆ ಸೋತ ವರ್ಷದ ಕತೆಯನ್ನು ಚಿಕ್ಕಂದಿನಿಂದ ಕೇಳಿ ಬೇಸತ್ತಿದ್ದೆ, ಇಷ್ಟು ಯಾವತ್ತೂ ಕೇಳಿರಲಿಲ್ಲ ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. ಲೋಟಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಮೂರನೆಯ ದಿನ ವಿಮಾನ ಹತ್ತಿ ಹೋದರು.

ಪಕ್ಕದ ಮನೆ ಈಗ ಮಾರಾಟಕ್ಕಿದೆ. ಭಾನುವಾರ ಬೆಳಿಗ್ಗೆ ನನಗೆ ಕಾಲಾಡಿಸಲು ಜಾಗವಿಲ್ಲ. ಗಂಡ ಮನೆಯಲ್ಲಿದ್ದಾಗ ಒಮ್ಮೆ ಅವನ ಮುಂದೆ ಲೋಟ ಇಟ್ಟು ಒಳಗೋ ಹೊರಗೋ ಎಂದು ಕೇಳಿದೆ. "ಯಾವುದಾದ್ರೂ ಒಂದು, ನಿನಗೆ ಹೇಗನ್ಸುತ್ತೋ ಹಾಗೆ," ಅಂದ, ಪಾಪ, ಪ್ರೀತಿಯಿಂದಲೇ. ಆ ಮಾತು ಕೇಳಿ ಅಂಕಲ್ ಬೀಜವನ್ನು ಡಬ್ಬಿಗೆ ವಾಪಸು ಹಾಕಿದ್ದು ನೆನಪಾಯಿತು.

ಮೊನ್ನೆ ಭಾನುವಾರ, ಕಾಫಿ ಇಳಿಯುವ ಹೊತ್ತಿಗೆ ಫೋನು ಬಂತು. ಅಡಿಲೇಡಿನ ನಂಬರು. ಹೇಗಿದ್ದೀರಿ, ಚಳಿ ಹೇಗಿದೆ ಎಂದೆಲ್ಲ ಇಂಗ್ಲಿಷಿನಲ್ಲಿ ಕೇಳಿದರು. ಭಾನುವಾರ ಅಪ್ಪನಿಗೆ ಫೋನ್ ಮಾಡಿದರೆ ಯಾವಾಗಲೂ ಎಂಗೇಜ್ಡ್ ಇರುತ್ತಿತ್ತು, ಅದಕ್ಕೇ ವಾರದ ನಡುವೆ ಮಾಡುತ್ತಿದ್ದೆ ಅಂದರು. ಇವತ್ತು ಯಾಕೋ ಕೈ ಫೋನಿಗೆ ಹೋಯಿತು, ಯಾರಿಗೆ ಮಾಡಲಿ ಎಂದು ತಿಳಿಯಲಿಲ್ಲ ಅಂದರು. ಆಮೇಲೆ ಇಬ್ಬರಿಗೂ ಮಾತು ಮುಗಿದುಹೋಯಿತು. ಇನ್ನೇನು ಇಡುತ್ತಾರೆ ಎಂದುಕೊಂಡೆ.

"ಆ ಬಾಲ್," ಅಂದರು. ಕತ್ತಲಲ್ಲಿ ಮೆಟ್ಟಿಲು ಇಳಿಯುವವರ ಹಾಗೆ ಒಂದೊಂದೇ ಶಬ್ದ. "ಅಪ್ಪನ ಫ್ರೆಂಡ್ ಹೊಡೆದ ಬಾಲ್. ಅದು ಒಲಗೆ ಹೋಯ್ತು."

ಹೌದು ಅಕ್ಕ, ಒಳಗೇ ಹೋಯಿತು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಒಲಗೆ ಅಲ್ಲ ಅಕ್ಕ," ಅಂದೆ.

ಆ ಕಡೆ ಸದ್ದಿಲ್ಲ. ಊರಿನಲ್ಲಿ ಸುತ್ತ ಕೂತು ನಕ್ಕ ನೆಂಟರೆಲ್ಲ ಅವರಿಗೆ ನೆನಪಾಗಿರಬೇಕು. ನಾನು ತಡಮಾಡಲಿಲ್ಲ.

"ಹೊರಗೆ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು.

"ಇಲ್ಲ," ಅಂದರು. "ಒಲಗೆ."

ನಾನು ಲೋಟಗಳನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತೆ.